ಇಡೀ ದಿನ ಓಡಾಟ, ಮುಖ್ಯ ಕೆಲಸ ಮಾತ್ರ ಹಾಗೇ ಬಾಕಿ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಹೆಸರು ಬೇಡ, ‘ಅವರು’ ಅಂತಲೇ ಹೇಳುತ್ತಾ ಹೋಗುತ್ತೇನೆ. ನಲವತ್ತು ದಾಟಿದ ಮಹಿಳೆ. ಬೇರೆ ಕಂಪನಿಗಳಿಗೆ ಪ್ಯಾಕಿಂಗ್ ಡಬ್ಬ ಮಾಡಿಕೊಡುವ ಸಣ್ಣ ಘಟಕ ನಡೆಸುತ್ತಾರೆ. ಕೆಲಸಕ್ಕೆ ಎಂಟು ಮಂದಿ ಇದ್ದಾರೆ. ಶುರು ಮಾಡಿದಾಗ ಒಬ್ಬರೇ ಇದ್ದರು, ಹಾಗಾಗಿ ಎಲ್ಲವನ್ನೂ ಅವರೇ ಮಾಡುತ್ತಿದ್ದರು. ಎಂಟು ಮಂದಿ ಬಂದ ಮೇಲೂ ಆ ಅಭ್ಯಾಸ ಹೋಗಿರಲಿಲ್ಲ.

ಅವರು ಬಂದದ್ದು ಒಂದು ಟೈಮ್‌ಟೇಬಲ್ ಕೇಳಿಕೊಂಡು. “ಬೆಳಗ್ಗೆಯಿಂದ ರಾತ್ರಿವರೆಗೆ ಒಂದು ನಿಮಿಷ ಕೂತಿರೋದಿಲ್ಲ. ಆದರೆ ಇವತ್ತು ಏನು ಮಾಡಿದೆ ಅಂತ ಯಾರಾದ್ರೂ ಕೇಳಿದ್ರೆ ಹೇಳೋಕೆ ಏನೂ ಸಿಗೋದಿಲ್ಲ” ಅಂದರು. ಎರಡು ಮೂರು ಆ್ಯಪ್ ಹಾಕಿ ನೋಡಿದ್ದರು. ಬಣ್ಣ ಬಣ್ಣದ ಪೆನ್ನಲ್ಲಿ ಪಟ್ಟಿ ಬರೆದಿದ್ದರು. ನಸುಕಿನಲ್ಲೇ ಎದ್ದು ಕೆಲಸ ಶುರು ಮಾಡುವ ಪ್ರಯೋಗವೂ ಆಗಿತ್ತು. ಅದರಿಂದ ಆಗಿದ್ದು ಇಷ್ಟೇ, ನಿದ್ದೆ ಕಡಿಮೆಯಾಯಿತು, ಕೆಲಸದ ಗಂಟೆ ಜಾಸ್ತಿಯಾಯಿತು. ಬೇಗ ಏಳಿ, ಎಲ್ಲ ಸರಿಹೋಗುತ್ತದೆ ಅನ್ನುವ ಸಲಹೆಯನ್ನು ಈಗಾಗಲೇ ದಣಿದಿರುವವರಿಗೆ ಕೊಡುವುದು ನನ್ನ ಪ್ರಕಾರ ತಪ್ಪು. ನಿದ್ದೆಗೆಟ್ಟ ತಲೆ ಸುಲಭದ ಕೆಲಸಗಳನ್ನೇ ಹುಡುಕುತ್ತದೆ, ಕಷ್ಟದ್ದನ್ನು ನಾಳೆಗೆ ತಳ್ಳುತ್ತದೆ.

ಟೈಮ್‌ಟೇಬಲ್ ಕೊಡುವ ಮೊದಲು ಬೇರೆ ಪ್ರಶ್ನೆ ಕೇಳಿದೆ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಮೊದಲು ಖುಷಿ ಕೊಡುತ್ತಿದ್ದ ವಿಷಯಗಳು ಈಗಲೂ ಖುಷಿ ಕೊಡುತ್ತವಾ, ಬದುಕೇ ಬೇಡ ಅನ್ನಿಸಿದ್ದುಂಟಾ. ಸುಸ್ತು ಜಾಸ್ತಿ ಇದ್ದದ್ದರಿಂದ ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಅಂದೆ. ರಕ್ತಹೀನತೆಯಾಗಲಿ ಥೈರಾಯ್ಡ್ ತೊಂದರೆಯಾಗಲಿ ಇದ್ದರೆ ಎಷ್ಟು ಮಾತಾಡಿದರೂ ಸುಸ್ತು ಹೋಗುವುದಿಲ್ಲ. ಖಿನ್ನತೆ ಇದ್ದರೆ ಅದಕ್ಕೆ ಚಿಕಿತ್ಸೆಯೇ ಬೇಕು. ಸ್ವಂತ ವ್ಯವಹಾರ ಮಾಡುವವರು ಯಂತ್ರದ ಸರ್ವಿಸ್ ತಪ್ಪಿಸುವುದಿಲ್ಲ, ತಮ್ಮ ಪರೀಕ್ಷೆಯನ್ನು ಮಾತ್ರ ವರ್ಷಗಟ್ಟಲೆ ಮುಂದೂಡುತ್ತಾರೆ. ಇವರ ವಿಷಯದಲ್ಲಿ ವರದಿ ಸರಿಯಾಗಿತ್ತು. ಹಾಗಾಗಿ ಕೆಲಸದ ಕಡೆಗೆ ಬಂದೆವು.

ಒಂದು ವಾರ ಅರ್ಧರ್ಧ ಗಂಟೆಯ ಲೆಕ್ಕ ಬರೆಯಿರಿ ಅಂದೆ. ಏನು ಮಾಡಿದೆ ಅನ್ನುವುದರ ಜೊತೆಗೆ ಇನ್ನೆರಡು ಕಾಲಂ. ಈ ಕೆಲಸ ಶುರುವಾದದ್ದು ಯಾರಿಂದ, ನನ್ನಿಂದಲೋ ಬೇರೆಯವರಿಂದಲೋ? ಇದನ್ನು ನಾನು ಮಾಡದೇ ಇದ್ದಿದ್ದರೆ ಏನಾಗುತ್ತಿತ್ತು? ಏನನ್ನೂ ಬದಲಿಸಬೇಡಿ, ಸುಮ್ನೆ ಬರೆಯಿರಿ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ ಅಂತಲೂ ಹೇಳಿದೆ.

ಅವರು ತಂದ ಹಾಳೆಗಳನ್ನು ನಾನು ಓದುವ ಮೊದಲೇ ಅವರಿಗೆ ಅರ್ಧ ವಿಷಯ ಹೊಳೆದಿತ್ತು. ಎರಡನೇ ಕಾಲಂ ತುಂಬ ‘ಬೇರೆಯವರು’ ಅಂತಲೇ ಇತ್ತು. ಮೆಸೇಜ್‌ಗೆ ಉತ್ತರ, ಗಾಡಿ ಎಲ್ಲಿದೆ ಅಂತ ವಿಚಾರಿಸುವುದು, ಸ್ಯಾಂಪಲ್‌ನ ಬಣ್ಣ ಸರಿ ಇದೆಯಾ ಅಂತ ಕರೆದಾಗ ಹೋಗಿ ನೋಡುವುದು, ಬಿಲ್‌ನಲ್ಲಿ ವಿಳಾಸ ತಿದ್ದುವುದು, ಅಂಟು ಮುಗಿದಿದೆ ಅಂದಾಗ ತರಿಸುವುದು. ಮೂರನೇ ಕಾಲಂನಲ್ಲಿ ಅನೇಕ ಕಡೆ ‘ಸ್ವಲ್ಪ ತಡವಾಗುತ್ತಿತ್ತು, ಅಷ್ಟೇ’ ಅಂತ ಬರೆದಿದ್ದರು.

ನನ್ನ ಕಣ್ಣಿಗೆ ಬಿದ್ದದ್ದು ಆ ಹಾಳೆಗಳಲ್ಲಿ ಇಲ್ಲದೇ ಇದ್ದ ಕೆಲಸಗಳು. ನಿಮ್ಮ ವಾರದ ಪಟ್ಟಿ ಕೊಡಿ, ಪಕ್ಕದಲ್ಲಿಟ್ಟು ನೋಡೋಣ ಅಂದೆ. ಮೂರು ಕೆಲಸ ಪ್ರತಿ ವಾರದ ಪಟ್ಟಿಯಲ್ಲೂ ಇದ್ದವು, ಲೆಕ್ಕದ ಹಾಳೆಯಲ್ಲಿ ಒಂದು ಸಲವೂ ಇರಲಿಲ್ಲ. ಹಳೇ ಬಾಕಿ ವಸೂಲಿ. ದರ ಪರಿಷ್ಕರಣೆ. ಮತ್ತೆ, ಅತಿ ದೊಡ್ಡ ಗ್ರಾಹಕರಿಂದ ನಿಜಕ್ಕೂ ಲಾಭ ಬರುತ್ತಿದೆಯಾ ಅಂತ ಲೆಕ್ಕ ಹಾಕುವುದು. ಮೂರಕ್ಕೂ ಸೇರಿ ಬೇಕಾದ ಸಮಯ ಕೆಲವು ಗಂಟೆ ಅಷ್ಟೇ. ಹದಿಮೂರು ಗಂಟೆ ದುಡಿಯುವ ಮನುಷ್ಯರಿಗೆ ವಾರದಲ್ಲಿ ಕೆಲವು ಗಂಟೆ ಸಿಗುವುದಿಲ್ಲ ಅಂದರೆ ಅದನ್ನು ಸಮಯದ ಕೊರತೆ ಅಂತ ಕರೆಯಲು ನನಗೆ ಮನಸ್ಸಾಗಲಿಲ್ಲ.

ಆ ಮೂರರಲ್ಲಿ ಯಾವುದನ್ನು ನೆನೆಸಿಕೊಂಡರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ ಅಂತ ಕೇಳಿದೆ. ತಡ ಮಾಡದೆ ಮೂರನೆಯದು ಅಂದರು. ಆ ಒಬ್ಬ ಗ್ರಾಹಕರದ್ದು ಘಟಕದ ಸುಮಾರು ಅರ್ಧ ಕೆಲಸ. ಆರ್ಡರ್ ಕೊಟ್ಟ ಮೇಲೆ ಅಳತೆ ಬದಲಿಸುತ್ತಾರೆ, ನಾಳೆಗೇ ಬೇಕು ಅನ್ನುತ್ತಾರೆ, ದುಡ್ಡು ತಡವಾಗಿ ಕೊಡುತ್ತಾರೆ. “ಲೆಕ್ಕ ಯಾಕೆ ಹಾಕಿಲ್ಲ?” ಅಂದೆ. ಸ್ವಲ್ಪ ಹೊತ್ತು ಬಿಟ್ಟು, “ಹಾಕಿದ್ರೆ ಗೊತ್ತಾಗಿಬಿಡುತ್ತಲ್ವಾ” ಅಂದರು.

ಈ ಪ್ರಕರಣದ ತಿರುಳು ಇರುವುದು ಈ ಮಾತಿನಲ್ಲೇ. ಗೊತ್ತಾದರೆ ಏನಾದರೂ ಮಾಡಬೇಕಾಗುತ್ತದೆ. ದರ ಏರಿಸಬೇಕು, ಅವರು ಬಿಟ್ಟು ಹೋಗಬಹುದು, ಹೋದರೆ ಎಂಟು ಮಂದಿಯಲ್ಲಿ ಯಾರನ್ನಾದರೂ ಮನೆಗೆ ಕಳಿಸಬೇಕಾಗಬಹುದು. ಅಷ್ಟೆಲ್ಲ ಭಯ ಒಂದು ಲೆಕ್ಕದ ಹಿಂದೆ ಕೂತಿತ್ತು. ಗಾಡಿ ಎಲ್ಲಿದೆ ಅಂತ ವಿಚಾರಿಸುವಾಗ ಆ ಭಯ ಇರುವುದಿಲ್ಲ. ಅಲ್ಲಿ ಪ್ರಶ್ನೆ ಸಣ್ಣದು, ಉತ್ತರ ತಕ್ಷಣ ಸಿಗುತ್ತದೆ, ಯಾರೋ ಒಬ್ಬರು ಥ್ಯಾಂಕ್ಸ್ ಅನ್ನುತ್ತಾರೆ. ಹೀಗೆ ಸಣ್ಣ ಕೆಲಸಗಳು ಅವರಿಗೆ ಒಂದು ಆಸರೆಯಾಗಿದ್ದವು, ಆ ಆಸರೆಯನ್ನು ಕಿತ್ತುಕೊಂಡು ಟೈಮ್‌ಟೇಬಲ್ ಕೈಗೆ ಕೊಟ್ಟಿದ್ದರೆ ಎರಡೇ ವಾರದಲ್ಲಿ ಅದನ್ನು ಬಿಸಾಕಿ, ನನಗೆ ಶಿಸ್ತೇ ಇಲ್ಲ ಅಂತ ತಮ್ಮನ್ನೇ ದೂರಿಕೊಳ್ಳುತ್ತಿದ್ದರು. ಅವರಿಗೆ ಶಿಸ್ತಿನ ಕೊರತೆ ಎಳ್ಳಷ್ಟೂ ಇರಲಿಲ್ಲ.

ಇದು ಅವರೊಬ್ಬರ ದೌರ್ಬಲ್ಯವಲ್ಲ ಅಂತ ತೋರಿಸಲು ಎರಡು ಅಧ್ಯಯನಗಳ ಬಗ್ಗೆ ಹೇಳಿದೆ. ಮೊದಲನೆಯದು ಕ್ರಿಸ್ಟೋಫರ್ ಶೀ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳು ಒಂದು ಫಾರ್ಮ್ ತುಂಬಿ, ಹತ್ತಿರದಲ್ಲೇ ಕೊಟ್ಟು 15 ನಿಮಿಷ ಸುಮ್ನೆ ಕಾಯಬಹುದಿತ್ತು, ಇಲ್ಲವೇ ದೂರಕ್ಕೆ ನಡೆದು ಹೋಗಿ ಕೊಟ್ಟು ಬರಬಹುದಿತ್ತು. ಎರಡೂ ಕಡೆ ಸಿಗುವ ಸಿಹಿ ಒಂದೇ ಆಗಿದ್ದಾಗ ಹೆಚ್ಚಿನವರು ಕೂತೇ ಇದ್ದರು. ಅಲ್ಲಿ ಬೇರೆ ಥರದ್ದು ಸಿಗುತ್ತದೆ ಅನ್ನುವ ಸಣ್ಣ ನೆಪ ಸಿಕ್ಕಿದ್ದೇ ಹೆಚ್ಚಿನವರು ನಡೆದರು. ನಡೆದು ಬಂದವರು ಕೂತವರಿಗಿಂತ ಖುಷಿಯಾಗಿದ್ದರು. ಅಂದರೆ ಸುಮ್ಮನಿರುವುದು ನಮಗೆ ಹಿಂಸೆ, ಓಡಾಡಲು ಒಂದು ನೆಪ ಇದ್ದರೆ ಸಾಕು. ಸ್ವಂತ ಘಟಕ ಇರುವವರಿಗೆ ನೆಪಗಳಿಗೆ ಬರವಾ?

ಇನ್ನೊಂದು 2018ರದ್ದು, ಮೆಂಗ್ ಝೂ ಮತ್ತು ಜೊತೆಗಾರರದ್ದು. ಕಡಿಮೆ ಫಲ ಕೊಡುವ ಕೆಲಸಕ್ಕೆ ‘ಸಮಯ ಮೀರುತ್ತಿದೆ’ ಅನ್ನುವ ಗಡುವು ಅಂಟಿಸಿದರೆ, ಜಾಸ್ತಿ ಫಲ ಕೊಡುವ ಆದರೆ ಅವಸರವಿಲ್ಲದ ಕೆಲಸವನ್ನು ಬಿಟ್ಟು ಜನ ಅದನ್ನೇ ಆರಿಸಿಕೊಂಡರು. ಆ ಗಡುವಿಗೆ ನಿಜವಾದ ಅರ್ಥ ಇಲ್ಲದಿದ್ದಾಗಲೂ ಹಾಗೇ ಮಾಡಿದರು. ತಾವು ಯಾವಾಗಲೂ ಬ್ಯುಸಿ ಅಂತ ಹೇಳಿಕೊಳ್ಳುವವರಲ್ಲಿ ಈ ಸೆಳೆತ ಇನ್ನೂ ಜೋರು. ಆರಿಸುವ ಹೊತ್ತಿಗೆ ಎರಡು ಕೆಲಸಗಳ ಫಲ ಕಣ್ಣೆದುರು ಇದ್ದರೆ ಸೆಳೆತ ಕಡಿಮೆಯಾಗುತ್ತದೆ. ಇದನ್ನು ಕೇಳಿದ ಮೇಲೆ ಅವರು ಫೋನ್ ಪಕ್ಕಕ್ಕಿಟ್ಟು ಒಂದು ಕಾಗದ ಕೇಳಿದರು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಆ ಲೆಕ್ಕ. ಅದಕ್ಕೆ ‘ಸಮಯ ಸಿಕ್ಕಾಗ’ ಅನ್ನುವ ಮಾತೇ ಬೇಡ ಅಂದೆ. ಪೀಟರ್ ಗೋಲ್‌ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞರು 1999ರಲ್ಲಿ ಬರೆದ ಲೇಖನದಲ್ಲಿ ಒಂದು ಸರಳ ವಿಷಯ ಇದೆ. ಮಾಡುತ್ತೇನೆ ಅಂದುಕೊಳ್ಳುವುದಕ್ಕಿಂತ, ‘ಹೀಗಾದಾಗ ಹೀಗೆ ಮಾಡುತ್ತೇನೆ’ ಅಂತ ಸಂದರ್ಭದ ಸಮೇತ ತೀರ್ಮಾನಿಸಿದರೆ ಅದು ನಡೆಯುವ ಸಾಧ್ಯತೆ ಹೆಚ್ಚು. ಅವರು ಬರೆದುಕೊಂಡ ವಾಕ್ಯ ಇದು: ‘ಮಂಗಳವಾರ ಬೆಳಗ್ಗೆ ಕೆಲಸಗಾರರಿಗೆ ದಿನದ ಕೆಲಸ ಹೇಳಿ ಮುಗಿದ ತಕ್ಷಣ, ಮನೆಯ ಮೇಲಿನ ಕೋಣೆಗೆ ಹೋಗಿ, ಫೋನ್ ಕೆಳಗೇ ಬಿಟ್ಟು, ಆ ಗ್ರಾಹಕರ ಕಳೆದ ಮೂರು ತಿಂಗಳ ಆರ್ಡರ್ ತೆಗೆಯುತ್ತೇನೆ.’ ಒಂದೂವರೆ ಗಂಟೆ ಸಾಕು, ಮುಗಿಯದಿದ್ದರೆ ಗುರುವಾರ ಮತ್ತೆ. ಇಡೀ ದಿನವನ್ನೇ ಬದಲಿಸುವ ಮಾತೇ ಆಡಲಿಲ್ಲ. ಆಡಿದ್ದರೆ ಒಂದೂ ಆಗುತ್ತಿರಲಿಲ್ಲ.

ಲೆಕ್ಕದಲ್ಲಿ ಏನೇನು ಸೇರಿಸಬೇಕು ಅನ್ನುವುದರ ಬಗ್ಗೆ ಒಬ್ಬ ಅಕೌಂಟೆಂಟ್ ಸಹಾಯ ತೆಗೆದುಕೊಳ್ಳಿ ಅಂದೆ, ಅದು ನನ್ನ ಕ್ಷೇತ್ರ ಅಲ್ಲ. ಒಂದು ವಿಷಯಕ್ಕೆ ಮಾತ್ರ ಹಟ ಹಿಡಿದೆ. ನಿಮ್ಮ ಸ್ವಂತ ಗಂಟೆಗಳಿಗೂ ಒಂದು ಬೆಲೆ ಹಾಕಿ, ಖರ್ಚಿಗೆ ಸೇರಿಸಿ. ನೀವು ಮಾಡುವ ಕೆಲಸಕ್ಕೆ ಬೇರೆಯವರನ್ನು ಇಟ್ಟರೆ ಎಷ್ಟು ಕೊಡಬೇಕೋ ಅಷ್ಟು. ಸಣ್ಣ ವ್ಯವಹಾರದವರಲ್ಲಿ ತುಂಬ ಜನ ಇದನ್ನು ಸೊನ್ನೆ ಅಂತಲೇ ಹಿಡಿಯುತ್ತಾರೆ. ಸೊನ್ನೆ ಬೆಲೆಯ ವಸ್ತುವನ್ನು ಯಾರೂ ಜೋಪಾನ ಮಾಡುವುದಿಲ್ಲ, ಅವರ ಸಮಯಕ್ಕೂ ಆಗುವುದು ಅದೇ.

ಲೆಕ್ಕ ಬಂತು. ಸಾಮಗ್ರಿ, ಕೂಲಿ, ಹಾಳಾದ ಹಾಳೆ, ಮರು ಮುದ್ರಣ, ಗಾಡಿ, ಜೊತೆಗೆ ಅವರ ಗಂಟೆಗಳು, ಎಲ್ಲ ಕಳೆದರೆ ಆ ದೊಡ್ಡ ಗ್ರಾಹಕರಿಂದ ಹೆಚ್ಚುಕಡಿಮೆ ಏನೂ ಉಳಿಯುತ್ತಿರಲಿಲ್ಲ. ಘಟಕವನ್ನು ನಡೆಸುತ್ತಿದ್ದವರು ಸದ್ದಿಲ್ಲದೆ ಆರ್ಡರ್ ಕೊಟ್ಟು ಸಮಯಕ್ಕೆ ದುಡ್ಡು ಹಾಕುವ ಐದಾರು ಸಣ್ಣ ಗ್ರಾಹಕರು. ಅವರ ಮೆಸೇಜ್‌ಗಳಿಗೆ ಇವರು ಉತ್ತರ ಕೊಡುತ್ತಿದ್ದದ್ದು ರಾತ್ರಿ, ಎಲ್ಲ ಮುಗಿದ ಮೇಲೆ. ಲೆಕ್ಕ ನೋಡಿ ಇವರಿಗೆ ಅಳು ಬಂತು. ಅತ್ತರು. ಆಮೇಲೆ ಒಂದು ಮಾತು ಹೇಳಿದರು, ಇಷ್ಟು ದಿನ ಇದಕ್ಕಿಂತ ಕೆಟ್ಟದ್ದನ್ನು ಊಹಿಸಿಕೊಂಡಿದ್ದೆ ಅಂತ.

ಮುಂದಿನ ಭೇಟಿಯಲ್ಲಿ ದರದ ಗಣಿತವನ್ನು ಕೂತು ಮಾಡಿದೆವು. ನೂರಕ್ಕೆ ಮಾರುವ ಕೆಲಸದಲ್ಲಿ ಸಾಮಗ್ರಿ, ಕೂಲಿ ಇತ್ಯಾದಿ ನೇರ ಖರ್ಚು 80 ಅಂದುಕೊಳ್ಳಿ, ಉಳಿಯುವುದು 20. ದರ 5 ಏರಿಸಿದರೆ ಉಳಿಯುವುದು 25. ಆಗ ಕೆಲಸದಲ್ಲಿ ಐದನೇ ಒಂದು ಭಾಗ ಕೈತಪ್ಪಿದರೂ ಒಟ್ಟು ಉಳಿತಾಯ ಮೊದಲಿನಷ್ಟೇ ಇರುತ್ತದೆ, ಕೆಲಸದ ಹೊರೆ ಮಾತ್ರ ಇಳಿದಿರುತ್ತದೆ. ಅದೇ 5 ಇಳಿಸಿದರೆ ಉಳಿಯುವುದು 15. ಮೊದಲಿನಷ್ಟೇ ಗಳಿಸಲು ಮೂರನೇ ಒಂದು ಭಾಗ ಜಾಸ್ತಿ ಕೆಲಸ ಮಾಡಬೇಕು. ಸಣ್ಣ ರಿಯಾಯಿತಿ ಕೊಟ್ಟು ‘ಕೆಲಸವಾದರೂ ಇದೆಯಲ್ಲ’ ಅಂತ ಸಮಾಧಾನ ಮಾಡಿಕೊಳ್ಳುವವರು ಈ ಸಂಖ್ಯೆಗಳನ್ನು ಒಮ್ಮೆ ತಮ್ಮದೇ ಲೆಕ್ಕದಲ್ಲಿ ಹಾಕಿ ನೋಡಬೇಕು. ನೇರ ಖರ್ಚು ಎಷ್ಟು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ, ಸುಮ್ಮನೆ ಇದೇ ಅಂಕಿ ಹಿಡಿಯಬೇಡಿ.

ಆ ಗ್ರಾಹಕರ ಜೊತೆಗಿನ ಮಾತನ್ನು ನಾವು ಅಭ್ಯಾಸ ಮಾಡಿದೆವು. ನಾನು ಗ್ರಾಹಕ, ಅವರು ಅವರೇ. ಮೊದಲ ಸಲ ಅವರು ವಿಷಯಕ್ಕೆ ಬರುವ ಮೊದಲೇ ಮೂರು ಸಲ ಕ್ಷಮೆ ಕೇಳಿದರು. ಕೊನೆಗೆ ಉಳಿದದ್ದು ಎರಡೇ ವಾಕ್ಯ: ‘ಮುಂದಿನ ತಿಂಗಳಿಂದ ಒಪ್ಪಿಗೆ ಆದ ಮೇಲೆ ಅಳತೆ ಬದಲಿಸಿದರೆ, ಇಲ್ಲವೇ ನಾಳೆಗೇ ಬೇಕು ಅಂದರೆ, ಅದಕ್ಕೆ ಬೇರೆ ದರ ಇರುತ್ತದೆ. ಮೂಲ ದರದಲ್ಲೂ ಸ್ವಲ್ಪ ಏರಿಕೆ ಇದೆ, ಪಟ್ಟಿ ಕಳಿಸುತ್ತೇನೆ.’ ಹೇಳಿ ಸುಮ್ಮನಾಗಿ, ಆ ಮೌನವನ್ನು ನೀವು ತುಂಬಬೇಡಿ ಅಂದೆ. ಕಷ್ಟವಾದದ್ದು ಅದೇ. ಆ ಗ್ರಾಹಕರು ಪೂರ್ತಿ ಬಿಟ್ಟು ಹೋದರೆ ಮೊದಲ ಮೂರು ತಿಂಗಳು ಏನು ಮಾಡುವುದು ಅಂತಲೂ ಬರೆದಿಟ್ಟುಕೊಂಡೆವು. ಬರೆದ ಮೇಲೆ ಅವರಿಗೆ ನಿದ್ದೆ ಸುಧಾರಿಸಿತು, ಮಾತು ಇನ್ನೂ ನಡೆದೇ ಇರಲಿಲ್ಲ. ಮಾಸಿಕಾಂಪೊ ಮತ್ತು ಬೌಮೈಸ್ಟರ್ ಅನ್ನುವ ಮನಶ್ಶಾಸ್ತ್ರಜ್ಞರು 2011ರಲ್ಲಿ ತೋರಿಸಿದ್ದೂ ಇದನ್ನೇ, ಮುಗಿಯದ ಕೆಲಸ ತಲೆ ತಿನ್ನುವುದನ್ನು ನಿಲ್ಲಿಸಲು ಅದನ್ನು ಮುಗಿಸಲೇಬೇಕಂತಿಲ್ಲ, ಯಾವಾಗ ಹೇಗೆ ಅನ್ನುವ ಖಚಿತ ಯೋಜನೆ ಇದ್ದರೂ ನಡೆಯುತ್ತದೆ.

ಇನ್ನು ಕೆಲಸಗಾರರ ವಿಷಯ. “ಎಲ್ಲದಕ್ಕೂ ನನ್ನನ್ನೇ ಕೇಳ್ತಾರೆ” ಅನ್ನುವುದು ಅವರ ದೊಡ್ಡ ದೂರು. ಕೇಳಿದಾಗಲೆಲ್ಲ ಏನು ಮಾಡುತ್ತೀರಿ ಅಂದರೆ, ಉತ್ತರ ಕೊಡುತ್ತೇನೆ ಅಂದರು. ಹಾಗಿದ್ದರೆ ಕೇಳದೇ ಇರುವುದು ಹೇಗೆ? ಇಂತಿಷ್ಟು ಮೊತ್ತದೊಳಗಿನ ಸಾಮಾನು ತರಿಸುವುದು, ಬಣ್ಣದ ಸಣ್ಣ ವ್ಯತ್ಯಾಸ, ಗಾಡಿಯ ಸಮಯ, ಇವುಗಳಲ್ಲಿ ನಿಮ್ಮ ತೀರ್ಮಾನವೇ ಕೊನೆ ಅಂತ ಇಬ್ಬರು ಹಿರಿಯ ಕೆಲಸಗಾರರಿಗೆ ಬರೆದೇ ಕೊಡಿ ಅಂದೆ. ಉಳಿದದ್ದಕ್ಕೆ ಕೇಳಲು ಬಂದರೆ, ‘ನೀವಾದರೆ ಏನು ಮಾಡ್ತೀರಿ?’ ಅಂತ ಮೊದಲು ಕೇಳಬೇಕು. ಆ ಮಿತಿಯೊಳಗೆ ಅವರು ತಪ್ಪು ಮಾಡಿದರೆ ಅದರ ನಷ್ಟವನ್ನು ಕಲಿಕೆಯ ಖರ್ಚು ಅಂತ ಮೊದಲೇ ಒಪ್ಪಿಕೊಂಡಿರಬೇಕು. ಎಲ್ಲರೆದುರು ಒಂದು ಸಲ ಗದರಿಸಿದರೂ ಎಲ್ಲ ಪ್ರಶ್ನೆಗಳೂ ಮಾರನೇ ದಿನವೇ ವಾಪಸ್ ಬರುತ್ತವೆ.

ಇದು ನಡೆಯಲು ಶುರುವಾದಾಗ ನಾನು ಕಾಯುತ್ತಿದ್ದ ಮಾತು ಬಂತು. ಫೋನ್ ಕಡಿಮೆಯಾಗಿತ್ತು, ಅವರಿಗೆ ಖುಷಿಯಾಗಿರಲಿಲ್ಲ. “ನನ್ನನ್ನ ಯಾರೂ ಕೇಳದೇ ಇದ್ರೆ ನಾನು ಅಲ್ಲಿ ಯಾಕಿರಬೇಕು?” ಅಂದರು. ಕಣ್ಣಲ್ಲಿ ನಿಜವಾದ ನೋವು ಇತ್ತು. ಬ್ಯುಸಿ ಇರುವುದನ್ನು ಬರೀ ಕೆಟ್ಟ ಅಭ್ಯಾಸ ಅಂತ ನೋಡುವ ಸಲಹೆಗಾರರು ಇಲ್ಲೇ ಎಡವುತ್ತಾರೆ ಅಂತ ನನಗೆ ಅನ್ನಿಸುತ್ತದೆ. ಹತ್ತು ಹನ್ನೆರಡು ವರ್ಷ ‘ನಾನಿಲ್ಲದೆ ಏನೂ ನಡೆಯೋದಿಲ್ಲ’ ಅನ್ನುವುದೇ ಒಬ್ಬರ ಹೆಮ್ಮೆಯಾಗಿದ್ದರೆ, ಅದನ್ನು ಬಿಡಿ ಅನ್ನುವಾಗ ಬದಲಿಗೆ ಹಿಡಿಯಲು ಏನಾದರೂ ಕೊಡಬೇಕು. ನಾವು ಎರಡು ಭೇಟಿ ಪೂರ್ತಿ ಇದರ ಮೇಲೇ ಕಳೆದೆವು. ಈ ಘಟಕದಲ್ಲಿ ನಿಮ್ಮಿಂದ ಮಾತ್ರ ಆಗುವ ಕೆಲಸ ಯಾವುದು ಅಂತ ಕೇಳುತ್ತಾ ಹೋದೆ. ಮೊದಮೊದಲು ಎಲ್ಲವೂ ಅಂದರು. ಕೊನೆಗೆ ಉಳಿದದ್ದು ಕೆಲವೇ. ಯಾವ ಗ್ರಾಹಕ ಬೇಕು ಯಾವುದು ಬೇಡ ಅಂತ ತೀರ್ಮಾನಿಸುವುದು, ದರ, ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಹೊಸ ವಿನ್ಯಾಸ. ವಿನ್ಯಾಸ ಅಂದಾಗ ದನಿ ಬದಲಾಯಿತು. ಅವರು ಈ ವ್ಯವಹಾರ ಶುರು ಮಾಡಿದ್ದೇ ಡಬ್ಬ ವಿನ್ಯಾಸ ಮಾಡುವ ಆಸೆಯಿಂದ, ಅದನ್ನು ಮುಟ್ಟಿ ವರ್ಷಗಳೇ ಆಗಿದ್ದವು.

ಮೆಸೇಜ್‌ಗಳಿಗೆ ದಿನಕ್ಕೆ ಮೂರು ಹೊತ್ತು ಅಂತ ಇಟ್ಟೆವು. ಯಂತ್ರ ನಿಂತರೆ, ಯಾರಿಗಾದರೂ ಪೆಟ್ಟಾದರೆ ಮಾತ್ರ ಕರೆ ಮಾಡಬೇಕು. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಅಂತ ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ತೋರಿಸಿದ್ದಾರೆ. ಎರಡು ನಿಮಿಷದ ಮೆಸೇಜ್‌ಗೆ ಎರಡೇ ನಿಮಿಷ ಹೋಗುತ್ತದೆ ಅನ್ನುವ ಲೆಕ್ಕ ಹಾಗಾಗಿ ಸುಳ್ಳು.

ದಿನದ ಐದನೇ ಒಂದು ಭಾಗ ಖಾಲಿ ಬಿಡಿ ಅಂದಾಗ ಮಾತ್ರ ಅವರು ಒಪ್ಪಲೇ ಇಲ್ಲ. ಖಾಲಿ ಅಂದರೆ ಸೋಮಾರಿತನ ಅಲ್ವಾ ಅಂದರು. ಅವರ ಯಂತ್ರದ ಭಾಷೆಯಲ್ಲೇ ಹೇಳಿದೆ. ಸರತಿ ಸಾಲಿನ ಗಣಿತ ಅಂತ ಒಂದಿದೆ. ಕೆಲಸಗಳು ಯಾವಾಗೆಂದರೆ ಆಗ ಬಂದು ಬೀಳುವ ಕಡೆ, ಒಂದೊಂದಕ್ಕೂ ಹಿಡಿಯುವ ಸಮಯವೂ ಹೆಚ್ಚುಕಡಿಮೆ ಆಗುವ ಕಡೆ, ಅತಿ ಸರಳ ಲೆಕ್ಕದ ಪ್ರಕಾರ, ಯಂತ್ರ 80 ಶೇಕಡಾ ಹೊತ್ತು ತುಂಬಿದ್ದರೆ ಹೊಸ ಕೆಲಸ ಸರಾಸರಿ ಒಂದು ಕೆಲಸದ ಸಮಯದ 4 ಪಟ್ಟು ಕಾಯಬೇಕು. 90 ಆದರೆ 9 ಪಟ್ಟು. 95 ಆದರೆ 19 ಪಟ್ಟು. ಮನುಷ್ಯರ ದಿನವೂ ಹೀಗೇ ತುಂಬುತ್ತದೆ. ಪೂರ್ತಿ ತುಂಬಿದ ದಿನದಲ್ಲಿ ಒಂದು ಸಣ್ಣ ಏರುಪೇರಾದರೂ ಎಲ್ಲವೂ ಹಿಂದೆ ಬೀಳುತ್ತದೆ, ಆಮೇಲೆ ತಡವಾದದ್ದಕ್ಕೆ ಉತ್ತರ ಹೇಳುವುದೇ ಹೊಸ ಕೆಲಸವಾಗುತ್ತದೆ. ಅರ್ಧ ಒಪ್ಪಿದರು. ಮಧ್ಯಾಹ್ನ ಒಂದು ಗಂಟೆ ಖಾಲಿ ಬಿಡಲು ಶುರು ಮಾಡಿದ್ದಾರೆ, ಅದನ್ನೂ ಆಗಾಗ ಏನಾದರೂ ನುಂಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಎಲ್ಲವನ್ನೂ ಫಲದ ತಕ್ಕಡಿಯಲ್ಲಿ ತೂಗಲು ಹೋಗಬೇಡಿ ಅಂತ ಅವರಿಗೆ ಹೇಳಿದ್ದೆ. ಸಂಜೆ ಘಟಕದಲ್ಲಿ ಒಂದು ಸುತ್ತು ಹಾಕಿ ಕೆಲಸಗಾರರ ಜೊತೆ ಮಾತಾಡುವುದನ್ನೂ ವ್ಯರ್ಥ ಅಂತ ಪಟ್ಟಿಯಿಂದ ಹೊಡೆದಿದ್ದರು. ಅದನ್ನು ವಾಪಸ್ ಸೇರಿಸಿದೆವು. ಯಂತ್ರದ ಸದ್ದು ಬದಲಾಗಿದೆ, ಒಬ್ಬರ ಮುಖ ಬಾಡಿದೆ ಅನ್ನುವುದೆಲ್ಲ ಅಲ್ಲೇ ಗೊತ್ತಾಗುವುದು.

ಕೊನೆಗೆ ಆ ಗ್ರಾಹಕರ ಜೊತೆ ಮಾತು ನಡೆಯಿತು. ಅವಸರದ ಆರ್ಡರ್‌ಗೆ, ಬದಲಾವಣೆಗೆ ಬೇರೆ ದರ ಕೊಡಲು ಅವರು ಒಪ್ಪಿದರು. ಮೂಲ ದರದ ಏರಿಕೆಗೆ ಒಪ್ಪಲಿಲ್ಲ, ಕೆಲವು ಆರ್ಡರ್‌ಗಳನ್ನು ಬೇರೆಯವರಿಗೆ ಕೊಟ್ಟರು. ಬೇರೆ ದರ ಅಂತಾದ ಮೇಲೆ ‘ನಾಳೆಗೇ ಬೇಕು’ ಅನ್ನುವುದು ತಾನಾಗಿಯೇ ಕಡಿಮೆಯಾಯಿತು. ಯಾರನ್ನೂ ಕೆಲಸದಿಂದ ತೆಗೆಯುವ ಪ್ರಶ್ನೆ ಬರಲಿಲ್ಲ, ಓವರ್‌ಟೈಮ್ ಮಾತ್ರ ನಿಂತಿತು. ಅದರಿಂದ ಒಬ್ಬ ಕೆಲಸಗಾರರಿಗೆ ಬೇಸರವಾಗಿದೆ, ಆ ದುಡ್ಡು ಅವರ ಮನೆಗೆ ಬೇಕಿತ್ತು. ಅದನ್ನು ಹೇಗೆ ಸರಿದೂಗಿಸುವುದು ಅಂತ ಇವರು ಇನ್ನೂ ಯೋಚಿಸುತ್ತಿದ್ದಾರೆ.

ನಡುವೆ ಒಂದು ಬಿಡುವಿಲ್ಲದ ತಿಂಗಳಲ್ಲಿ ಎಲ್ಲ ಹಳೇ ದಾರಿಗೆ ಬಂತು, ಫೋನ್ ಮತ್ತೆ ಕೈಗಂಟಿತು. ಸೋತೆ ಅಂತ ಬಂದರು. ಅರ್ಧರ್ಧ ಗಂಟೆಯ ಲೆಕ್ಕವನ್ನು ಮತ್ತೆ ಮೂರು ದಿನ ಬರೆಯಿರಿ, ಬೇರೇನೂ ಬೇಡ ಅಂದೆ. ಅಷ್ಟರಲ್ಲೇ ಸಿಕ್ಕಿಬಿತ್ತು, ಯಂತ್ರದ ಸಾಲದ ಕಾಗದ ಪತ್ರ ಮೇಜಿನ ಮೇಲೆ ಹಾಗೇ ಕೂತಿತ್ತು. ಈಗ ಅವರು ಶನಿವಾರ ಸಂಜೆ ತಮಗೆ ತಾವೇ ಒಂದು ಪ್ರಶ್ನೆ ಹಾಕಿಕೊಳ್ಳುತ್ತಾರೆ, ಈ ವಾರ ಯಾವ ಕೆಲಸದಿಂದ ತಪ್ಪಿಸಿಕೊಂಡೆ ಅಂತ. ಉತ್ತರ ಬರೆದು, ಅದರ ಮುಂದೆ ದಿನ ಮತ್ತು ಹೊತ್ತು ಹಾಕುತ್ತಾರೆ.

ಹಳೇ ಬಾಕಿ ವಸೂಲಿ ಇನ್ನೂ ಉಳಿದಿದೆ. ಬಾಕಿ ಇಟ್ಟವರಲ್ಲಿ ಒಬ್ಬರು ಶುರುವಿನ ದಿನಗಳಲ್ಲಿ ಇವರಿಗೆ ಮೊದಲ ಆರ್ಡರ್ ಕೊಟ್ಟವರು, ಕೇಳಲು ಇವರಿಗೆ ಬಾಯಿ ಬರುತ್ತಿಲ್ಲ. ಒಂದೇ ಸಲ ಕೇಳುವ ಬದಲು ಕಂತಿನ ಪಟ್ಟಿ ಇಟ್ಟುಕೊಂಡು ಹೋಗಿ, ಋಣ ಬೇರೆ ಬಾಕಿ ಬೇರೆ ಅಂದಿದ್ದೇನೆ. ಮುಂದಿನ ಭೇಟಿಯಲ್ಲಿ ಆ ಮಾತನ್ನು ಅಭ್ಯಾಸ ಮಾಡುವುದಿದೆ.